ಮಡಿಕೆಯಲ್ಲಿ ಉಳಿದ ಸಾಕ್ಷಿ: ಹಳೆಯ ಸಿನಿಮಾ ಪೋಸ್ಟರುಗಳ ಅಸಲುತನ ಮತ್ತು ಸ್ಥಿತಿ

ಸುರಪುರದ ಒಂದು ಹಳೆಯ ಮನೆಯಲ್ಲಿ ಅಟ್ಟದ ಟ್ರಂಕು ಇಳಿಸಿದಾಗ, ಚಾದರದ ಅಡಿಯಿಂದ ಎಂಟು ಮಡಿಕೆಯ ಕಾಗದವೊಂದು ಹೊರಬಂತೆನ್ನಿ. ಬಿಡಿಸಿದರೆ ಯುವಕ ರಾಜ್‌ಕುಮಾರ್ ಮುಖ, ಮೇಲೆ 'ಬೇಡರ ಕಣ್ಣಪ್ಪ' ಎಂಬ ದಪ್ಪಕ್ಷರ, ಒಂದು ಮೂಲೆಯಲ್ಲಿ ಇಲಿ ಕಡಿದ ಗುರುತು, ಕೆಳಗಡೆ ಊರಿನ ಟಾಕೀಜಿನ ಹೆಸರಿರುವ ಚೀಟಿ. ಬೇಡ ನಾಯಕರ ಸಂಸ್ಥಾನವಾಗಿದ್ದ ಊರಿನಲ್ಲಿ ಈ ಕಾಗದಕ್ಕೆ ಬೇರೆಯದೇ ತೂಕ. ಮನೆಯವರು ಕೇಳುವ ಪ್ರಶ್ನೆ ಮೂರು: ಇದು ಅಸಲಿಯೇ? ಇದರ ಸ್ಥಿತಿ ಹೇಗಿದೆ? ಇದಕ್ಕೆ ಎಷ್ಟು ಬೆಲೆ ಬಂದೀತು? ಮೂರನೆಯದಕ್ಕೆ ಉತ್ತರ ಸಿಗುವುದು ಮೊದಲ ಎರಡು ಇತ್ಯರ್ಥವಾದ ಮೇಲೆ. ಈ ಲೇಖನ ಆ ಎರಡು ಪ್ರಶ್ನೆಗಳ ಸಮೀಕ್ಷೆ. ಯಾದಗಿರಿ, ಶಹಾಪುರ, ಸುರಪುರದಂಥ ಊರುಗಳಲ್ಲಿ ಇವೆರಡೂ ಬೇರೆ ಬೇರೆ ಪ್ರಶ್ನೆಗಳೇ ಅಲ್ಲ ಎಂಬುದು ನನ್ನ ವಾದ. ಸ್ಥಿತಿ ಕೆಟ್ಟಿದೆ ಎಂದು ನಾವು ತೋರಿಸುವ ಗುರುತುಗಳಲ್ಲೇ ಎಷ್ಟೋ ಸಲ ಅಸಲುತನದ ಸಾಕ್ಷಿ ಇರುತ್ತದೆ.

ಸಿನಿಮಾ ಪೋಸ್ಟರ್ ಹುಟ್ಟಿದ್ದು ಒಂದೆರಡು ವಾರ ಗೋಡೆಯ ಮೇಲಿದ್ದು ಸಾಯುವುದಕ್ಕೆ. ಮೈದಾ ಅಂಟು ಬಳಿದು ಹಚ್ಚಿದ ಪೋಸ್ಟರಿನ ಮೇಲೆ ಮುಂದಿನ ವಾರ ಇನ್ನೊಂದು ಬೀಳುತ್ತಿತ್ತು. ಮಳೆ ಬಂದರೆ ಹರಿಯಿತು, ದನ ಬಂದರೆ ಅಂಟಿನ ರುಚಿಗೆ ಕಾಗದವನ್ನೂ ಎಳೆದು ತಿಂದಿತು. ಇಂದು ನಮ್ಮ ಕೈಗೆ ಸಿಗುವ ಬಹುಪಾಲು ಪೋಸ್ಟರುಗಳು ಗೋಡೆಗೆ ಹೋಗದೇ ಉಳಿದವು: ಹಂಚಿಕೆದಾರರ ಗೋದಾಮಿನಲ್ಲಿ ಮಿಕ್ಕವು, ಟಾಕೀಜಿನ ಗಾಜಿನ ಪೆಟ್ಟಿಗೆಯಲ್ಲಿ ಪಿನ್ ಹಚ್ಚಿ ತೂಗಿದವು, ಅಭಿಮಾನಿಯೊಬ್ಬ ಬೇಡಿ ಮನೆಗೆ ಒಯ್ದವು. ಈ ಮೂರು ದಾರಿಗಳೂ ಕಾಗದದ ಮೇಲೆ ಮೂರು ಬಗೆಯ ಗುರುತು ಬಿಡುತ್ತವೆ. ಪರೀಕ್ಷೆ ಶುರುವಾಗುವುದು ಅಲ್ಲಿಂದ.

ಅಸಲಿಯಲ್ಲೂ ತರತಮ

ಅಸಲಿ ಮತ್ತು ನಕಲಿ ಎಂಬ ಎರಡೇ ಗೂಡುಗಳಲ್ಲಿ ಪೋಸ್ಟರುಗಳನ್ನು ವಿಂಗಡಿಸಲಾಗದು. ಮೊದಲ ಬಿಡುಗಡೆಯ ಹೊತ್ತಿಗೆ ಅಚ್ಚಾದದ್ದು ಒಂದು ಬಗೆ. ವರ್ಷಗಳ ಬಳಿಕ ಚಿತ್ರ ಮತ್ತೆ ತೆರೆಗೆ ಬಂದಾಗ ಹೊಸದಾಗಿ ಅಚ್ಚು ಹಾಕಿಸಿದ್ದು ಎರಡನೆಯದು. ಗೋಡೆ ಸಿಂಗಾರಕ್ಕೆಂದು ಈಗ ಮುದ್ರಿಸಿ, ಮರುಮುದ್ರಣವೆಂದೇ ಹೇಳಿ ಮಾರುವುದು ಮೂರನೆಯದು. ಅದೇ ಮರುಮುದ್ರಣಕ್ಕೆ ಹಳೆಯದರ ವೇಷ ತೊಡಿಸಿ ಮೋಸದಿಂದ ಮಾರಿದರೆ ಅದು ನಕಲಿ. ಮೊದಲ ಮೂರರಲ್ಲಿ ಯಾವುದೂ ತಪ್ಪಲ್ಲ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರುವುದು ತಪ್ಪು.

ಕನ್ನಡದ ಮಟ್ಟಿಗೆ ಹೆಚ್ಚು ಗೊಂದಲ ಹುಟ್ಟಿಸುವುದು ಎರಡನೆಯ ಬಗೆ. ರಾಜ್‌ಕುಮಾರ್ ಚಿತ್ರಗಳು ದಶಕಗಳ ಕಾಲ ಮತ್ತೆ ಮತ್ತೆ ಟಾಕೀಜುಗಳಿಗೆ ಬಂದವು. 1954ರ 'ಬೇಡರ ಕಣ್ಣಪ್ಪ', 1960ರ 'ರಣಧೀರ ಕಂಠೀರವ', 1972ರ 'ಬಂಗಾರದ ಮನುಷ್ಯ' ಇಂಥ ಚಿತ್ರಗಳಿಗೆ ಬೇರೆ ಬೇರೆ ಕಾಲದ ಪೋಸ್ಟರುಗಳಿರಬಹುದು. 1980ರ ದಶಕದ ಮರುಬಿಡುಗಡೆಯ ಪೋಸ್ಟರಿಗೂ ಈಗ ನಲವತ್ತು ವರ್ಷ. ಕಾಗದ ಹಳದಿಯಾಗಿರುತ್ತದೆ, ಮಡಿಕೆ ಸವೆದಿರುತ್ತದೆ. ಅದು ತನ್ನ ಕಾಲಕ್ಕೆ ಅಸಲಿಯೇ ಹೌದು, ಆದರೆ 1954ರದಲ್ಲ.

ಅಮೆರಿಕದಲ್ಲಿ ಈ ತೊಡಕು ಸ್ವಲ್ಪ ಕಡಿಮೆ. ಅಲ್ಲಿ ನ್ಯಾಷನಲ್ ಸ್ಕ್ರೀನ್ ಸರ್ವೀಸ್ ಎಂಬ ಸಂಸ್ಥೆ 1940ರಿಂದ ಹಲವು ದಶಕ ಪೋಸ್ಟರು ಹಂಚುವ ಕೆಲಸ ನಡೆಸಿತು. ಕೆಳ ಅಂಚಿನಲ್ಲಿ ವರ್ಷ ಸೂಚಿಸುವ ಸಂಖ್ಯೆ, ಮರುಬಿಡುಗಡೆಯಾದರೆ ಅದರ ಮುಂದೆ 'ಆರ್' ಅಕ್ಷರ ಹಾಕುವ ರೂಢಿ ಬೆಳೆಯಿತು. ಅಷ್ಟಿದ್ದೂ ಅಲ್ಲಿ ಮೋಸ ನಿಲ್ಲಲಿಲ್ಲ. ಯೂನಿವರ್ಸಲ್ ಸಂಸ್ಥೆಯ 1930ರ ದಶಕದ ಭಯಾನಕ ಚಿತ್ರಗಳ ಪೋಸ್ಟರು ಮತ್ತು ಲಾಬಿ ಕಾರ್ಡುಗಳ ನಕಲುಗಳು ಅನುಭವಿ ಸಂಗ್ರಾಹಕರನ್ನೇ ಮೋಸಗೊಳಿಸಿ, ಪ್ರಕರಣ ನ್ಯಾಯಾಲಯ ಮುಟ್ಟಿತು. 1931ರ 'ಡ್ರಾಕುಲಾ' ಚಿತ್ರದ ಒಂದೇ ಪೋಸ್ಟರ್ 2017ರ ಹರಾಜಿನಲ್ಲಿ 5 ಲಕ್ಷ 25 ಸಾವಿರ ಡಾಲರು ಮೀರಿತೆಂದರೆ, ನಕಲು ಮಾಡುವವನಿಗೆ ಇರುವ ಆಸೆ ಎಷ್ಟೆಂದು ತಿಳಿಯುತ್ತದೆ. ನಮ್ಮಲ್ಲಿ ಅಂಥ ಸಂಖ್ಯೆಯ ಪದ್ಧತಿಯೂ ಇರಲಿಲ್ಲ. ಆದ್ದರಿಂದ ಕಾಗದ, ಶಾಯಿ, ಅಕ್ಷರ, ಒಕ್ಕಣೆ ಇವನ್ನೇ ಓದಿ ಕಾಲ ಹೇಳಬೇಕು.

ಈ ಸೀಮೆಗೆ ಬಂದ ದಾರಿ

ಪೋಸ್ಟರಿನ ಕಾಲ ಹೇಳುವ ಮುಂಚೆ ಅದು ಯಾವ ದಾರಿಯಿಂದ ಬಂತು ಎಂದು ಕೇಳಬೇಕು. ಯಾದಗಿರಿ ಈಗ ಜಿಲ್ಲಾ ಕೇಂದ್ರ, 2009ರ ಕೊನೆಗೆ ಜಿಲ್ಲೆಯಾಯಿತು. ಅದಕ್ಕೂ ಮುಂಚೆ ಯಾದಗಿರಿ, ಶಹಾಪುರ, ಸುರಪುರ ಮೂರೂ ಗುಲಬರ್ಗಾ ಜಿಲ್ಲೆಯ ತಾಲ್ಲೂಕುಗಳು. 1956ರ ನವೆಂಬರ್ 1ರವರೆಗೆ ಇಡೀ ಸೀಮೆ ಹೈದರಾಬಾದ್ ರಾಜ್ಯದಲ್ಲಿತ್ತು. ಸಿನಿಮಾ ವ್ಯಾಪಾರದ ನಕಾಶೆ ಮಾತ್ರ ರಾಜ್ಯದ ಗಡಿ ಬದಲಾದ ಮೇಲೂ ಅಷ್ಟು ಬೇಗ ಬದಲಾಗಲಿಲ್ಲ. ಹಿಂದಿ ಚಿತ್ರಗಳ ಹಂಚಿಕೆಯಲ್ಲಿ ಗುಲಬರ್ಗಾ, ಬೀದರ್, ರಾಯಚೂರುಗಳು 'ನಿಜಾಂ' ಎಂಬ ವಲಯದಲ್ಲೇ ಉಳಿದವು. ಕನ್ನಡ ಚಿತ್ರದವರು 'ಹೈದರಾಬಾದ್ ಕರ್ನಾಟಕ' ಎಂದು ಬೇರೆ ವಲಯ ಗುರುತಿಸಿಕೊಂಡರು.

ಇದರಿಂದ ಪರೀಕ್ಷಕನಿಗೆ ಸಿಗುವ ತಿಳಿವಳಿಕೆ ದೊಡ್ಡದು. ಈ ಸೀಮೆಯ ಟ್ರಂಕಿನಲ್ಲಿ ಉರ್ದು, ನಾಗರಿ, ರೋಮನ್ ಮೂರೂ ಲಿಪಿಯ ಹಿಂದಿ ಪೋಸ್ಟರ್ ಸಿಕ್ಕರೆ, ತೆಲುಗು ಪೋಸ್ಟರ್ ಸಿಕ್ಕರೆ ಸಂದೇಹಪಡಬೇಕಾಗಿಲ್ಲ. ಅದು ಈ ನೆಲದ ಸಹಜ ಫಸಲು. 'ಬೇಡರ ಕಣ್ಣಪ್ಪ'ನ ಕತೆಯೇ 1954ರಲ್ಲಿ 'ಕಾಳಹಸ್ತಿ ಮಹಾತ್ಮ್ಯಂ' ಎಂದು ತೆಲುಗಿನಲ್ಲೂ ಬಂತು, ಅದರಲ್ಲೂ ರಾಜ್‌ಕುಮಾರ್ ಅವರೇ ನಾಯಕ. ಅದೇ ಮುಖ, ಅದೇ ವೇಷ, ಮೇಲೆ ತೆಲುಗು ಅಕ್ಷರ ಇರುವ ಪೋಸ್ಟರ್ ಕಂಡು 'ಯಾರೋ ತಿದ್ದಿದ್ದಾರೆ' ಎಂದು ಬದಿಗಿಟ್ಟರೆ ಅಪರೂಪದ ವಸ್ತುವೊಂದನ್ನು ಕಳೆದುಕೊಂಡಂತೆ.

ಮುಂಬೈ ಮತ್ತು ಮದ್ರಾಸನ್ನು ಕೂಡಿಸುವ ರೈಲು ದಾರಿಯಲ್ಲೇ ಯಾದಗಿರಿ ನಿಲ್ದಾಣವಿದೆ. ಶಹಾಪುರ, ಸುರಪುರಕ್ಕೆ ರಸ್ತೆಯೇ ಗತಿ. ಇಂಥ ಒಳನಾಡಿಗೆ ರೀಲಿನ ಪೆಟ್ಟಿಗೆ, ಪೋಸ್ಟರಿನ ಕಟ್ಟು ತಲುಪುವ ಹೊತ್ತಿಗೆ ಚಿತ್ರ ದೊಡ್ಡ ಊರುಗಳಲ್ಲಿ ಓಡಿ ಹಳತಾಗಿರುತ್ತಿತ್ತು. ಸಂಕ್ರಾಂತಿಯ ಮೈಲಾಪುರ ಜಾತ್ರೆ, ತಿಂಥಣಿ ಮೌನೇಶ್ವರನ ಜಾತ್ರೆಯಂಥ ಜನಸಂದಣಿಯ ಕಡೆ ಟೂರಿಂಗ್ ಟಾಕೀಜುಗಳಿಗೆ ಸುಗ್ಗಿ. ಆದ್ದರಿಂದ ಪೋಸ್ಟರಿಗೆ ಅಂಟಿಸಿದ ಚೀಟಿಯ ತಾರೀಖು ಚಿತ್ರದ ಬಿಡುಗಡೆಗಿಂತ ಎರಡು ಮೂರು ವರ್ಷ ಈಚೆಗಿದ್ದರೆ ಅದು ನಕಲಿಯ ಲಕ್ಷಣವಲ್ಲ. ತಾಲ್ಲೂಕು ಊರಿನಲ್ಲಿ ಆ ಚಿತ್ರ ಯಾವಾಗ ಬಂತೋ ಅದರ ದಾಖಲೆ.

ಕಾಗದ ಮತ್ತು ಶಾಯಿ

ಮೊದಲ ಪರೀಕ್ಷೆ ಅಳತೆಯದು. ನಮ್ಮ ದೇಶದ ಸಿಂಗಲ್ ಶೀಟ್ ಪೋಸ್ಟರ್ ಸಾಮಾನ್ಯವಾಗಿ 30 ಇಂಚು ಅಗಲ, 40 ಇಂಚು ಉದ್ದ. ಇದಕ್ಕಿಂತ ದೊಡ್ಡವು ಮೂರು ಶೀಟ್, ಆರು ಶೀಟ್ ಎಂದು ತುಂಡು ತುಂಡಾಗಿ ಅಚ್ಚಾಗಿ ಗೋಡೆಯ ಮೇಲೆ ಜೋಡಣೆಯಾಗುತ್ತಿದ್ದವು. ಒಂದೆರಡು ಇಂಚಿನ ವ್ಯತ್ಯಾಸ ಹಳೆಯದರಲ್ಲಿ ಸಹಜ, ಅಂಚು ಕತ್ತರಿಸಿದ್ದರೂ ಅಳತೆ ತಗ್ಗುತ್ತದೆ. ಆದರೆ ಈಗಿನ ಪ್ರಿಂಟರಿನ ಕಾಗದಕ್ಕೆ ಕರಾರುವಾಕ್ಕಾಗಿ ಹೊಂದುವ ಅಳತೆ ಇದ್ದರೆ ಎಚ್ಚರವಾಗಬೇಕು.

ಎರಡನೆಯದು ಕಾಗದದ ಬಣ್ಣ. ಅಗ್ಗದ ಪೋಸ್ಟರ್ ಕಾಗದದಲ್ಲಿ ಮರದ ತಿರುಳಿನ ಲಿಗ್ನಿನ್ ಉಳಿದಿರುತ್ತದೆ. ಗಾಳಿ ಬೆಳಕು ತಾಕಿದಂತೆ ಅದು ಹಳದಿಗೂ ಕಂದಿಗೂ ತಿರುಗುತ್ತದೆ. ಗಾಳಿ ಹೆಚ್ಚು ತಾಕುವ ಅಂಚಿನಲ್ಲಿ, ಮಡಿಕೆಯ ಹೊರಮೈಯಲ್ಲಿ ಗಾಢವಾಗಿ, ಒಳಮೈಯಲ್ಲಿ ತೆಳುವಾಗಿ ಹಳದಿಯಾಗುವುದು ಮುಪ್ಪಿನ ಸಹಜ ರೀತಿ. ಮೂಲೆಯಿಂದ ಮೂಲೆಗೆ ಒಂದೇ ಸಮನೆ ಕಂದುಬಣ್ಣವಿದ್ದರೆ, ಅದರಲ್ಲೂ ಒರಟು ಬೆನ್ನಿನ ಮೇಲೆ ಹರಿದ ಕಲೆಯಿದ್ದರೆ, ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ಮುಪ್ಪು ಬರಿಸಿರುವ ಸಾಧ್ಯತೆ ಇದೆ.

ಮೂರನೆಯದು ಮಡಿಕೆ. ನಿಜವಾದ ಮಡಿಕೆಯ ಮೇಲೆ ಬೆರಳಾಡಿಸಿದರೆ ಏಣು ಸಿಗುತ್ತದೆ, ಶಾಯಿ ಸೀಳಿ ಬಿಳಿ ಎಳೆ ಕಾಣುತ್ತದೆ, ಅದೇ ಗೆರೆ ಬೆನ್ನಿನಲ್ಲೂ ಇರುತ್ತದೆ. ನಕಲಿಯಲ್ಲಿ ಅಸಲಿ ಪೋಸ್ಟರಿನ ಮಡಿಕೆಯೂ ಹರಕೂ ಚಿತ್ರದ ಭಾಗವಾಗಿ ಅಚ್ಚಾಗಿರುತ್ತವೆ. ಕಣ್ಣಿಗೆ ಗೆರೆ ಕಾಣುತ್ತದೆ, ಬೆರಳಿಗೆ ಕಾಗದ ನುಣುಪು. ಪಿನ್ನಿನ ತೂತುಗಳೂ ಹಾಗೆಯೇ. ಬೆಳಕಿಗೆ ಹಿಡಿದರೆ ತೂತಿನಿಂದ ಬೆಳಕು ಬರಬೇಕು.

ನಾಲ್ಕನೆಯದು ಭೂತಗನ್ನಡಿಯ ಪರೀಕ್ಷೆ. ಹತ್ತು ಪಟ್ಟು ಹಿಗ್ಗಿಸಿ ತೋರುವ ಗಾಜು ಸಾಕು. ಹಳೆಯ ಲಿಥೋ ಪೋಸ್ಟರುಗಳಲ್ಲಿ ಕಲಾವಿದ ಕಲ್ಲು ಅಥವಾ ಸತುವಿನ ತಗಡಿನ ಮೇಲೆ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಚಿತ್ರ ಬರೆದಿರುತ್ತಾನೆ. ಗಾಜಿನಡಿ ಕಾಣುವುದು ಬಳಪದ ತರಿತರಿ, ಕುಂಚದ ಎಳೆ, ಒಂದರ ಮೇಲೊಂದು ಕೂತ ಬಣ್ಣದ ಹೊರೆ. ಆಫ್‌ಸೆಟ್ ಬಂದ ಮೇಲೆ ಫೋಟೋ ಒಡೆದು ಚುಕ್ಕೆ ಮಾಡುವ ಪದ್ಧತಿ ಬಂತು. ನಾಲ್ಕು ಬಣ್ಣದ ಚುಕ್ಕೆಗಳು ಸಾಲಾಗಿ, ಪುಟ್ಟ ಹೂವಿನಂತೆ ಕೂತಿರುತ್ತವೆ. ಮನೆ ಪ್ರಿಂಟರಿನ ಇಂಕ್‌ಜೆಟ್ಟಿನಲ್ಲಿ ಸಾಲೂ ಇಲ್ಲ, ಹೂವೂ ಇಲ್ಲ, ಹುಡಿ ಚಿಮುಕಿಸಿದಂತೆ ಸಣ್ಣ ಹನಿಗಳು. ಅಚ್ಚಾದ ಪೋಸ್ಟರನ್ನು ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದರೆ ಹಳೆಯ ಚುಕ್ಕೆಯ ಮೇಲೆ ಹೊಸ ಚುಕ್ಕೆ ಬಿದ್ದು ಅಲೆಯಂಥ ಗೆರೆಗಳು ಏಳುತ್ತವೆ. ಸಣ್ಣ ಅಕ್ಷರಗಳ ಅಂಚು ಮಸುಕಾಗಿ, ಚುಕ್ಕೆ ಚುಕ್ಕೆಯಾಗಿ ಒಡೆದಿರುತ್ತದೆ. ನಕಲಿಯನ್ನು ಹಿಡಿದುಕೊಡುವ ಅತ್ಯಂತ ನಂಬಿಗಸ್ತ ಜಾಗ ಆ ಮೂಲೆಯ ಸಣ್ಣ ಅಕ್ಷರಗಳೇ.

ಐದನೆಯದು ನೇರಳಾತೀತ ದೀಪ, ನೋಟು ಪರೀಕ್ಷಿಸಲು ಅಂಗಡಿಗಳಲ್ಲಿ ಇಟ್ಟುಕೊಳ್ಳುವಂಥದ್ದು. ಕಾಗದ ಬೆಳ್ಳಗೆ ಕಾಣಲೆಂದು ಸೇರಿಸುವ ಹೊಳಪುಕಾರಕಗಳು ಬಳಕೆಗೆ ಬಂದದ್ದು 1950ರ ದಶಕದ ಹೊತ್ತಿಗೆ. ಅವಿದ್ದ ಕಾಗದ ಆ ದೀಪದಡಿ ನೀಲಿ ಬಿಳುಪಾಗಿ ಹೊಳೆಯುತ್ತದೆ. 1934ರ 'ಸತಿ ಸುಲೋಚನ'ದ ಕರಪತ್ರವೆಂದು ಕೊಟ್ಟದ್ದು ಹಾಗೆ ಹೊಳೆದರೆ ಮಾತು ಅಲ್ಲಿಗೆ ಮುಗಿಯಿತು. ಹೊಳೆಯದಿದ್ದರೆ ಮಾತ್ರ ಮುಗಿಯುವುದಿಲ್ಲ. ಹಳೆಯ ಖಾಲಿ ಕಾಗದ ಹುಡುಕಿ ಅದರ ಮೇಲೆ ಹೊಸದಾಗಿ ಅಚ್ಚು ಹಾಕುವವರೂ ಇದ್ದಾರೆ. ಯಾವ ಪರೀಕ್ಷೆಯೂ ಒಂಟಿಯಾಗಿ ತೀರ್ಪು ಕೊಡುವುದಿಲ್ಲ. ನಾಲ್ಕಾರು ಸಾಕ್ಷಿಗಳು ಒಂದೇ ಮಾತು ಹೇಳಿದಾಗಲೇ ನಂಬಬೇಕು.

ಕನ್ನಡ ಅಕ್ಷರ ಹೇಳುವ ಸತ್ಯ

ಹೊರದೇಶದ ಕೈಪಿಡಿಗಳಲ್ಲಿ ಸಿಗದ, ನಮಗೆ ಮಾತ್ರ ದಕ್ಕುವ ಪರೀಕ್ಷೆಯೊಂದಿದೆ. ಅದು ಕನ್ನಡ ಲಿಪಿಯದು. ಕಂಪ್ಯೂಟರ್ ಬರುವ ಮುಂಚೆ ಪೋಸ್ಟರಿನ ಶೀರ್ಷಿಕೆಯನ್ನು ಕಲಾವಿದ ಕೈಯಾರೆ ಬರೆಯುತ್ತಿದ್ದ. ಪೌರಾಣಿಕ ಚಿತ್ರಕ್ಕೆ ಕಲ್ಲಿನಲ್ಲಿ ಕೆತ್ತಿದಂಥ ಅಕ್ಷರ, ಸಾಹಸದ ಚಿತ್ರಕ್ಕೆ ಕತ್ತಿಯ ಮೊನೆಯಂಥ ಕೊಂಬು, ಸಂಸಾರದ ಕತೆಗೆ ದುಂಡು ದುಂಡಾದ ಬಳ್ಳಿ. ಕೈಬರಹದಲ್ಲಿ ಒಂದೇ ಅಕ್ಷರ ಎರಡು ಕಡೆ ಬಂದರೆ ಎರಡೂ ಪಡಿಯಚ್ಚಾಗಿರುವುದಿಲ್ಲ. 'ಕಣ್ಣಪ್ಪ' ಎಂಬ ಮಾತಿನ ಎರಡು ಒತ್ತುಗಳನ್ನೇ ನೋಡಿ. ಕೈ ಬರೆದದ್ದಾದರೆ ಣ-ಒತ್ತು ಮೇಲಿನ ಅಕ್ಷರದ ಹೊಟ್ಟೆಯೊಳಗೆ ತೂರಿ ಕೂತೀತು, ಪ-ಒತ್ತಿನ ಬಾಲ ಮುಂದಿನ ಜಾಗಕ್ಕೆ ಚಾಚೀತು. ಫಾಂಟಾದರೆ ಎಲ್ಲ ಒತ್ತುಗಳೂ ಒಂದೇ ಗೆರೆಯಲ್ಲಿ, ಒಂದೇ ಅಳತೆಯಲ್ಲಿ ಸಾಲುಗಟ್ಟುತ್ತವೆ.

ಕರಪತ್ರ, ಹಾಡಿನ ಪುಸ್ತಕಗಳಲ್ಲಿ ಅಚ್ಚಿನ ಮೊಳೆ ಬಳಕೆಯಲ್ಲಿತ್ತು. ಮೊಳೆಯಚ್ಚು ಕಾಗದವನ್ನು ಒತ್ತುವುದರಿಂದ ಬೆನ್ನಿನ ಮೇಲೆ ಅಕ್ಷರದ ಉಬ್ಬು ಕೈಗೆ ಸಿಗುತ್ತದೆ. ಒಂದು ಮೊಳೆ ಮುರಿದಿರುತ್ತದೆ, ಇನ್ನೊಂದಕ್ಕೆ ಶಾಯಿ ಹೆಚ್ಚಾಗಿರುತ್ತದೆ, ಒತ್ತಕ್ಷರ ಸಾಲಿನಿಂದ ಕೂದಲೆಳೆಯಷ್ಟು ಸರಿದಿರುತ್ತದೆ. 'ಬರಹ' ತಂತ್ರಾಂಶ 1998ರಲ್ಲಿ ಬಂತು, 'ನುಡಿ' ಅದರ ಬೆನ್ನಿಗೇ ಬಂತು. ಅವುಗಳ ಅಕ್ಷರರೂಪ ಇಂದಿನ ಪ್ರತಿ ಕನ್ನಡಿಗನ ಕಣ್ಣಿಗೂ ಪರಿಚಿತ. 1965ರದೆಂದು ಹೇಳುವ ಕರಪತ್ರದಲ್ಲಿ ಆ ಅಕ್ಷರ ಕಂಡರೆ ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ.

ತಾರೀಖು ಬಿಟ್ಟುಕೊಡುವ ಮಾತುಗಳು

ಪೋಸ್ಟರಿನ ಒಕ್ಕಣೆಯಲ್ಲಿ ಕಾಲ ಅಡಗಿರುತ್ತದೆ. ಮೈಸೂರು ವಿಶ್ವವಿದ್ಯಾಲಯ ರಾಜ್‌ಕುಮಾರ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು 1976ರಲ್ಲಿ. ನಮ್ಮ ಟ್ರಂಕಿನ 'ಬೇಡರ ಕಣ್ಣಪ್ಪ'ನ ಮೇಲೆ 'ಡಾ|| ರಾಜ್‌ಕುಮಾರ್' ಎಂದಿದ್ದರೆ ಅದು ಮೊದಲ ಬಿಡುಗಡೆಯದಾಗಲು ಸಾಧ್ಯವಿಲ್ಲ. 'ಪದ್ಮಭೂಷಣ' ಎಂದಿದ್ದರೆ 1983ರ ನಂತರದ್ದು, 'ಕರ್ನಾಟಕ ರತ್ನ' ಎಂದಿದ್ದರೆ 1992ರ ನಂತರದ್ದು. ವಿಷ್ಣುವರ್ಧನ್ ಹೆಸರಿನ ಹಿಂದೆ ಡಾಕ್ಟರ್ ಸೇರಿದ್ದು 2005ರಲ್ಲಿ. 1972ರ 'ನಾಗರಹಾವು' ಪೋಸ್ಟರಿನಲ್ಲಿ ಅದು ಕಂಡರೆ ಮರುಬಿಡುಗಡೆಯದೆಂದೇ ತಿಳಿಯಬೇಕು.

ವಿಳಾಸಗಳೂ ಹೀಗೆಯೇ ಸಾಕ್ಷಿ ಹೇಳುತ್ತವೆ. ಹಂಚಿಕೆದಾರರ ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ 15ಕ್ಕಿಂತ ಹಿಂದಿನದಲ್ಲ. 'ಮೈಸೂರು ರಾಜ್ಯದಾದ್ಯಂತ' ಎಂದಿದ್ದರೆ 1973ರ ನವೆಂಬರಿಗಿಂತ ಹಿಂದಿನದಿರಬೇಕು, 'ಚೆನ್ನೈ' ಎಂದಿದ್ದರೆ 1996ರ ಈಚಿನದು. ಸೆನ್ಸಾರ್ ಗುರುತು ಅಚ್ಚಾಗಿದ್ದಲ್ಲಿ 'ಯು' ಮತ್ತು 'ಎ' ನಡುವಿನ 'ಯುಎ' 1983ರಲ್ಲಿ ಬಂದದ್ದು. 'ಕಲಬುರಗಿ' ಎಂಬ ಹೆಸರು ಅಧಿಕೃತವಾದದ್ದು 2014ರಲ್ಲಾದರೂ ಕನ್ನಡಿಗರ ಬಾಯಲ್ಲಿ, ಬರಹದಲ್ಲಿ ಅದು ಮುಂಚಿನಿಂದ ಇತ್ತು. ಆದ್ದರಿಂದ ಅದೊಂದನ್ನೇ ನಂಬಿ ತೀರ್ಮಾನಿಸಬಾರದು.

ಹಾಡಿನ ಪುಸ್ತಕ ಮತ್ತು ಕರಪತ್ರಗಳಿಗೆ ಬೆಲೆಯೇ ಗಡಿಯಾರ. 'ಎರಡಾಣೆ' ಎಂದಿದ್ದರೆ ದಶಮಾಂಶ ನಾಣ್ಯ ಬಂದ 1957ರ ಏಪ್ರಿಲ್ 1ರ ಆಸುಪಾಸಿಗಿಂತ ಈಚೆಗೆ ಬರುವುದು ಕಷ್ಟ. 'ನಯಾ ಪೈಸೆ' ಎಂದಿದ್ದರೆ 1957ರಿಂದ 1964ರ ನಡುವಿನದು. ನಮ್ಮ ಸೀಮೆಗೆ ಇನ್ನೂ ಒಂದು ಗುರುತಿದೆ. ನಿಜಾಮರ ಹಾಲಿ ಸಿಕ್ಕಾ ಹಣ 1950ರ ದಶಕದಲ್ಲಿ ಮರೆಯಾಗುವವರೆಗೂ ಇಲ್ಲಿ ಚಲಾವಣೆಯಲ್ಲಿತ್ತು. ಟಿಕೆಟ್ ದರ ಹಾಲಿ ಲೆಕ್ಕದಲ್ಲಿರುವ ಕರಪತ್ರ ಸಿಕ್ಕರೆ ಅದನ್ನು ಬೆಲೆ ಕಟ್ಟುವ ಮುಂಚೆ ಕೈಮುಗಿದು ಎತ್ತಿಡಬೇಕು.

ಬಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ. ಪೋಸ್ಟರ್ ಬಣ್ಣದ್ದು, ಚಿತ್ರ ಕಪ್ಪು ಬಿಳುಪಿನದು ಎಂಬ ಕಾರಣಕ್ಕೆ ಸಂದೇಹಪಡಬೇಡಿ. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ 'ಅಮರಶಿಲ್ಪಿ ಜಕಣಾಚಾರಿ' ಬಂದದ್ದು 1964ರಲ್ಲಿ. ಪೋಸ್ಟರುಗಳಿಗೆ ಬಣ್ಣ ಅದಕ್ಕೂ ಎಷ್ಟೋ ಮುಂಚೆ ಬಂದಿತ್ತು. ಸಂದೇಹ ಬರಬೇಕಾದದ್ದು ಬೇರೆ ಕಡೆ. 'ಸತ್ಯ ಹರಿಶ್ಚಂದ್ರ' 2008ರಲ್ಲಿ, 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣ ತುಂಬಿಸಿಕೊಂಡು ಮರಳಿ ಬಂದವು. ಆ ಪೋಸ್ಟರುಗಳು 1965ರ, 1971ರ ಪೋಸ್ಟರುಗಳ ಸಾಲಿಗೆ ಸೇರಬಾರದು.

ಕುಂಚದ ಗುರುತು

ಪೋಸ್ಟರನ್ನು ಬರಿ ಜಾಹೀರಾತು ಎಂದು ತಳ್ಳಿಹಾಕುವವರಿಗೆ ಈ ಸೀಮೆಯೇ ಉತ್ತರ ಕೊಟ್ಟಿದೆ. ಕಲಬುರಗಿಯಲ್ಲಿ ಹುಟ್ಟಿದ ಎಸ್. ಎಂ. ಪಂಡಿತ್ (1916–1993) ಮುಂಬೈಗೆ ಹೋಗಿ ಹಾಲಿವುಡ್ ಚಿತ್ರಗಳಿಗೆ ಶೋಕಾರ್ಡು ಬರೆದರು, 'ಫಿಲ್ಮ್ ಇಂಡಿಯಾ' ಪತ್ರಿಕೆಗೆ ಮುಖಪುಟ ಬರೆದರು, ಪುರಾಣದ ಚಿತ್ರಗಳಿಂದ ದೇಶದ ಮನೆಮನೆಯ ಕ್ಯಾಲೆಂಡರಿಗೆ ಬಂದರು. ಇಂಥ ಹೆಸರಾಂತ ಕಲಾವಿದರ ಕೆಲಸಕ್ಕೆ ಬೇಡಿಕೆ ಏರಿದಷ್ಟೂ ಸಹಿಯ ನಕಲಿನ ಭಯವೂ ಏರುತ್ತದೆ. ಸಹಿ ಚಿತ್ರದೊಂದಿಗೇ ಅಚ್ಚಾಗಿದೆಯೋ, ಮೇಲಿಂದ ಆಮೇಲೆ ಸೇರಿಸಿದ್ದೋ ಎಂಬುದನ್ನು ಅದೇ ಭೂತಗನ್ನಡಿ ಹೇಳುತ್ತದೆ. ಚಿತ್ರದ ಚುಕ್ಕೆಯೂ ಸಹಿಯ ಚುಕ್ಕೆಯೂ ಒಂದೇ ಜಾತಿಯದಾಗಿರಬೇಕು.

ಸುರಪುರಕ್ಕೆ ಚಿತ್ರ ಓದುವ ಕಣ್ಣು ಇದಕ್ಕೂ ಹಳೆಯದು. ನಾಯಕ ಅರಸರ ಆಶ್ರಯದಲ್ಲಿ ಗರುಡಾದ್ರಿ ಮನೆತನದ ಕಲಾವಿದರು ಬೆಳೆಸಿದ ಸುರಪುರ ಚಿತ್ರಶೈಲಿ ಬಂಗಾರದ ರೇಕು, ನವಿರು ಗೆರೆ, ಅಂಚಿನ ಅಲಂಕಾರಗಳಿಗೆ ಹೆಸರಾದದ್ದು. ನೂರು ವರ್ಷ ದಾಟಿದ ಅಂಥ ಚಿತ್ರಗಳಿಗೆ 1972ರ ಪುರಾತನ ವಸ್ತು ಕಾಯ್ದೆಯ ರಕ್ಷಣೆಯಾದರೂ ಇದೆ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ಕ್ಕೆ ನೂರು ತುಂಬುವುದು 2034ರಲ್ಲಿ. ಅಲ್ಲಿಯವರೆಗೆ ಕನ್ನಡದ ಯಾವ ಟಾಕಿ ಪೋಸ್ಟರಿಗೂ ಆ ಕಾಯ್ದೆಯ ಆಸರೆ ಇಲ್ಲ. ಕಾಯಬೇಕಾದದ್ದು ಅದನ್ನು ಕೈಯಲ್ಲಿ ಹಿಡಿದವರ ವಿವೇಕ. 'ಸತಿ ಸುಲೋಚನ'ದ ಪ್ರತಿ ಇಂದು ನೋಡಲು ಸಿಗುವುದಿಲ್ಲ. ಚಿತ್ರವೇ ಕಳೆದುಹೋದಾಗ ಅದರ ಕರಪತ್ರ, ಪೋಸ್ಟರುಗಳೇ ಚಿತ್ರವಿತ್ತು ಎಂಬುದಕ್ಕೆ ಉಳಿಯುವ ಸಾಕ್ಷಿ.

ಸ್ಥಿತಿಯ ಲೆಕ್ಕ

ಸಂಗ್ರಾಹಕರ ಲೋಕದಲ್ಲಿ ಸ್ಥಿತಿಗೆ ಮೆಟ್ಟಿಲುಗಳಿವೆ: ಅಚ್ಚಿನಿಂದ ಈಗ ಬಂದಂಥದ್ದು, ಅತ್ಯುತ್ತಮ, ಉತ್ತಮ, ಸಾಧಾರಣ, ಶಿಥಿಲ. ಈ ಹೆಸರುಗಳಿಗಿಂತ ದೋಷವನ್ನು ಎಣಿಸಿ ಬರೆದಿಡುವುದು ಮೇಲು. 'ಉತ್ತಮ' ಎಂಬ ಮಾತು ಮಾರುವವನಿಗೊಂದು ಅರ್ಥ, ಕೊಳ್ಳುವವನಿಗೊಂದು ಅರ್ಥ. 'ಎಡ ಅಂಚಿನಲ್ಲಿ ಎರಡು ಇಂಚು ಹರಿದಿದೆ, ನಟನ ಮುಖಕ್ಕೆ ತಾಕಿಲ್ಲ' ಎಂದರೆ ಇಬ್ಬರಿಗೂ ಒಂದೇ ಅರ್ಥ.

ದೋಷ ಎಲ್ಲಿದೆ ಎಂಬುದು ದೋಷ ಎಷ್ಟಿದೆ ಎಂಬುದಕ್ಕಿಂತ ಮುಖ್ಯ. ಅಂಚಿನ ಹರಕು, ಮೂಲೆಯ ಪಿನ್ ತೂತು, ಮಡಿಕೆಯ ಸವೆತ ಇವು ಕ್ಷಮೆಗೆ ಅರ್ಹ. ಮುಖ, ಶೀರ್ಷಿಕೆ, ಮುದ್ರಕರ ಹೆಸರಿನ ಸಾಲು ಹೋಗಿದ್ದರೆ ನಷ್ಟ ದೊಡ್ಡದು. ಮುದ್ರಕರ ಸಾಲು ಹೋದರೆ ಅದು ಮದ್ರಾಸಿನದೋ, ಶಿವಕಾಶಿಯದೋ, ಬೆಂಗಳೂರಿನದೋ ಎಂದು ಹೇಳುವ ಆಧಾರವೇ ಹೋದಂತೆ. ಬಿಸಿಲಿಗೆ ಬಣ್ಣ ಮಾಸಿದ್ದು ಮರಳಿ ಬಾರದ ನಷ್ಟ. ಮೊದಲು ಸೋಲುವುದು ಸಾಮಾನ್ಯವಾಗಿ ಕೆಂಪು ಮತ್ತು ಹಳದಿ. ಎಲ್ಲ ಮಾಸಿ ನೀಲಿಯೊಂದೇ ಉಳಿದ ಪೋಸ್ಟರ್ ವರ್ಷಗಟ್ಟಲೆ ಬೆಳಕಿನಲ್ಲಿ ನಿಂತದ್ದು.

ಯಾದಗಿರಿ ಸೀಮೆಯ ಬೇಸಿಗೆ 40 ಡಿಗ್ರಿ ದಾಟುವಂಥದ್ದು. ಆ ಒಣ ಸೆಕೆಗೆ ಆಮ್ಲವುಳ್ಳ ಕಾಗದ ಹಪ್ಪಳದಂತಾಗುತ್ತದೆ, ಮಡಿಕೆ ಬಿಡಿಸುವಾಗ ಅಲ್ಲೇ ತುಂಡಾಗುತ್ತದೆ. ಮಳೆಗಾಲದಲ್ಲಿ ಸೋರುವ ಮಾಳಿಗೆಯಿಂದ ಬೂಷ್ಟು ಮತ್ತು ಕಂದು ಚುಕ್ಕೆ. ಮಣ್ಣಿನ ಗೋಡೆಗೆ ಒರಗಿಸಿಟ್ಟ ಟ್ರಂಕಿಗೆ ಗೆದ್ದಲು. ಹೀಗೆ ಪ್ರತಿ ಗಾಯಕ್ಕೂ ಊರಿನ ಹವೆಯಲ್ಲಿ ಕಾರಣ ಇರುತ್ತದೆ. ಆ ಕಾರಣ ಸಿಗದ ಗಾಯವೇ ಸಂದೇಹದ ಗಾಯ. ಕಾಗದ ಗರಿಗರಿ ಗಟ್ಟಿ, ಹರಕು ಮಾತ್ರ ಬೇಕಾದಷ್ಟು ಎಂದಾದರೆ ಆ ಹರಕು ಯಾರೋ ಮಾಡಿದ್ದು.

ದುರಸ್ತಿಯ ಮಿತಿ

ಟ್ರಂಕಿನಿಂದ ತೆಗೆದ ಪೋಸ್ಟರನ್ನು ಅವಸರದಲ್ಲಿ ಬಿಡಿಸಬಾರದು. ಪೆಡಸಾದ ಕಾಗದವಾದರೆ ನೆರಳಿನ ಕೋಣೆಯಲ್ಲಿ ಒಂದೆರಡು ದಿನ ಬಿಟ್ಟು, ಒಂದೊಂದೇ ಮಡಿಕೆ ತೆರೆದು, ಶುಭ್ರ ಕಾಗದದ ನಡುವೆ ಹಗುರ ತೂಕದಡಿ ಇಡಬೇಕು. ಹರಕಿಗೆ ಸೆಲೊಟೇಪ್ ಹಚ್ಚುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಕೆಲವೇ ವರ್ಷಗಳಲ್ಲಿ ಅದರ ಅಂಟು ಕಾಗದದೊಳಗೆ ಇಳಿದು ಎಣ್ಣೆಯಂಥ ಕಂದು ಕಲೆಯಾಗುತ್ತದೆ. ಲ್ಯಾಮಿನೇಷನ್ ಅದರ ಅಣ್ಣ, ಒಮ್ಮೆ ಮಾಡಿದರೆ ಬಿಡಿಸಲಾಗದು. ಪೋಸ್ಟರಿಗೆ ತಾಗುವಂತೆ ಡಾಂಬರು ಗುಳಿಗೆ, ಬೇವಿನ ಎಲೆ ಇಡುವುದೂ ಬೇಡ. ಎಲೆಯ ರಸ ಕಲೆ ಬಿಡುತ್ತದೆ.

ನುರಿತ ಸಂರಕ್ಷಕರ ಸೂತ್ರ ಒಂದೇ: ಇಂದು ಮಾಡಿದ ದುರಸ್ತಿಯನ್ನು ನಾಳೆ ಬಿಡಿಸಲು ಬರಬೇಕು. ಅದಕ್ಕೇ ಅವರು ಗೋಧಿ ಗಂಜಿಯ ಅಂಟು, ತೆಳುವಾದ ಜಪಾನಿ ಕಾಗದ ಬಳಸುತ್ತಾರೆ, ಎರಡೂ ನೀರಿನ ತೇವಕ್ಕೆ ಬಿಟ್ಟುಕೊಡುತ್ತವೆ. ತೀರ ಶಿಥಿಲವಾದದ್ದಕ್ಕೆ ಬೆನ್ನಿಗೆ ಬಟ್ಟೆ ಹಚ್ಚುವ ಪದ್ಧತಿ ಇದೆ. ಅದು ಬಲ ಕೊಡುತ್ತದೆ, ಆದರೆ ಬೆನ್ನಿನ ಮೇಲಿನ ಮುದ್ರೆ, ಪೆನ್ಸಿಲ್ ಗುರುತು, ಶಾಯಿಯ ಒಸರುಗಳನ್ನು ಮುಚ್ಚುತ್ತದೆ. ಮುಚ್ಚುವ ಮುಂಚೆ ಬೆನ್ನಿನ ಫೋಟೋ ತೆಗೆದಿಡುವುದು ಕಡ್ಡಾಯವಾಗಬೇಕು. ಕಳೆದುಹೋದ ಭಾಗಕ್ಕೆ ಬಣ್ಣ ತುಂಬುವುದು ಚರ್ಚೆಯ ವಿಷಯ. ಅಂಚಿನ ಖಾಲಿ ಜಾಗಕ್ಕೆ ಹೊಂದುವ ಬಣ್ಣ ಹಚ್ಚುವುದು ಒಪ್ಪತಕ್ಕದ್ದು. ನಟನ ಅರ್ಧ ಮುಖವನ್ನೇ ಹೊಸದಾಗಿ ಬರೆದರೆ ಅಲ್ಲಿಗೆ ದುರಸ್ತಿ ಮುಗಿದು ನಕಲು ಶುರುವಾಗುತ್ತದೆ. ಏನೇ ಮಾಡಿದರೂ ಮಾರುವಾಗ ಹೇಳಬೇಕು.

ಚೀಟಿಯ ಪ್ರಶ್ನೆ

ಕೊನೆಯಲ್ಲಿ ಟ್ರಂಕಿನ ಪೋಸ್ಟರಿಗೆ, ಅದರ ಕೆಳಗಿನ ಚೀಟಿಗೆ ಮರಳೋಣ. ಬೆಂಗಳೂರಿನಲ್ಲೋ ಮದ್ರಾಸಿನಲ್ಲೋ ಅಚ್ಚಾದ ಪೋಸ್ಟರ್ ಎಲ್ಲ ಊರಿಗೂ ಒಂದೇ. ಊರಿನ ಪ್ರೆಸ್ಸಿನಲ್ಲಿ ತೆಳು ಬಣ್ಣದ ಕಾಗದದ ಮೇಲೆ ಟಾಕೀಜಿನ ಹೆಸರು, ತಾರೀಖು, 'ದಿನಾಲು ಮೂರು ಆಟ' ಎಂದು ಅಚ್ಚು ಹಾಕಿಸಿ ಅಂಟಿಸಿದಾಗಲೇ ಅದು ಸುರಪುರದ್ದೋ ಶಹಾಪುರದ್ದೋ ಆಗುತ್ತಿತ್ತು. ಅಂತರರಾಷ್ಟ್ರೀಯ ಮಾರುಕಟ್ಟೆಯ ಲೆಕ್ಕದಲ್ಲಿ ಈ ಚೀಟಿ ಒಂದು ದೋಷ. ಚಿತ್ರದ ಮೇಲೆ ಕೂತಿದೆ, ಅಂಟು ಕಲೆ ಮಾಡಿದೆ, ದರ್ಜೆ ಇಳಿಸುತ್ತದೆ. ಅದನ್ನು ನೆನೆಸಿ ಕಿತ್ತು ಪೋಸ್ಟರನ್ನು 'ಚೊಕ್ಕ' ಮಾಡಿ ಮಾರುವ ಸಲಹೆ ಕೊಡುವವರಿದ್ದಾರೆ.

ಆ ಸಲಹೆಯನ್ನು ನಾನು ಒಪ್ಪುವುದಿಲ್ಲ. ಕಾಗದ, ಶಾಯಿ, ಅಕ್ಷರಗಳ ಪರೀಕ್ಷೆಯೆಲ್ಲ ಸೇರಿ ಹೇಳುವುದು ಈ ಪೋಸ್ಟರ್ ಯಾವ ಕಾಲದ್ದು ಎಂದು. ಎಲ್ಲಿಯದು ಎಂದು ಹೇಳುವ ಸಾಕ್ಷಿ ಚೀಟಿಯೊಂದೇ. ಚೀಟಿ ಕಿತ್ತ ಮೇಲೆ ಉಳಿಯುವುದು ಯಾವ ಊರಿನ ಗೋಡೆಗೂ ಸೇರದ ಕಾಗದ. ನಕಲು ಮಾಡುವವನಿಗೂ ಸುಲಭವಾಗಿ ಸಿಗುವುದು ಅದೇ. 1954ರ ಪೋಸ್ಟರಿನ ಚಿತ್ರ ಎಲ್ಲಿಯಾದರೂ ಸಿಕ್ಕೀತು, ಶಹಾಪುರದ ಯಾವ ಟಾಕೀಜಿನಲ್ಲಿ ಯಾವ ವಾರ ಅದು ಓಡಿತು ಎಂಬುದು ಎಲ್ಲೂ ಸಿಗದು. ಟಾಕೀಜು ಕೆಡವಿ ಮಳಿಗೆ ಎದ್ದ ಮೇಲೆ ಆ ಟಾಕೀಜು ಇತ್ತು ಎಂಬುದಕ್ಕೂ ಆ ಚೀಟಿಯೇ ಉಳಿದ ಕಾಗದ.

ಪುಣೆಯಲ್ಲಿ 1964ರಲ್ಲಿ ಹುಟ್ಟಿದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ರೀಲುಗಳ ಜೊತೆಗೆ ಪೋಸ್ಟರು, ಹಾಡಿನ ಪುಸ್ತಕ, ಸ್ಥಿರಚಿತ್ರಗಳನ್ನೂ ಕೂಡಿಡುತ್ತ ಬಂದಿದೆ. ದೇಶದ ಸಿನಿಮಾ ಚರಿತ್ರೆಗೆ ಅದು ಆಧಾರ. ತಾಲ್ಲೂಕಿನ ಸಿನಿಮಾ ಚರಿತ್ರೆಯನ್ನು ತಾಲ್ಲೂಕೇ ಬರೆದುಕೊಳ್ಳಬೇಕು. ಅದಕ್ಕೆ ದೊಡ್ಡ ಕಟ್ಟಡ ಬೇಡ. ಸಿಕ್ಕ ಪೋಸ್ಟರಿನ ಮುಂಬದಿ, ಬೆನ್ನು, ಚೀಟಿ, ಮುದ್ರಕರ ಸಾಲು ನಾಲ್ಕರ ಫೋಟೋ ತೆಗೆದು, ಅದು ಯಾರ ಮನೆಯಲ್ಲಿ, ಯಾರ ಕೈಯಿಂದ ಬಂತು ಎಂದು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟರೆ ಕೆಲಸ ಶುರುವಾದಂತೆ. ಗೇಟು ಕಾಯ್ದವರು, ರೀಲು ಓಡಿಸಿದವರು, ಸೈಕಲ್ಲಿನ ಮೇಲೆ ಅಂಟಿನ ಡಬ್ಬಿ ಹೊತ್ತು ಪೋಸ್ಟರ್ ಹಚ್ಚಿದವರು ಇನ್ನೂ ಈ ಊರುಗಳಲ್ಲಿ ಸಿಕ್ಕಾರು. ಟ್ರಂಕಿನ ಕಾಗದವನ್ನು ಅವರ ಮುಂದೆ ಬಿಡಿಸಿ, ಕೆಳಗಿನ ಚೀಟಿಯ ಮೇಲೆ ಬೆರಳಿಟ್ಟು ಕೇಳಿ. ಅವರು ಹೇಳಿದ್ದನ್ನು ಅಂದೇ ಬರೆದುಕೊಳ್ಳಿ.